ಕೋಪದ ಪಥ್ಯ

ಮುಖ್ಯೋಪಾಧ್ಯಾಯಿನಿ ಅಂಬುಜಾಕ್ಷಮ್ಮನವರು ಬೈದರೆ ಗೇಟಿನಾಚೆ ಕಡಲೆಕಾಯಿ ಮಾರುವವನೂ ಎದ್ದು ನಿಲ್ಲುತ್ತಿದ್ದ. ಅವರ ರಕ್ತದೊತ್ತಡ ವಿಪರೀತ ಏರಿದಾಗ ಡಾಕ್ಟರು, "ಇನ್ನು ಮೇಲೆ ಸಿಟ್ಟು ಮಾಡಿಕೊಳ್ಳಲೇಬಾರದು" ಎಂದು ಕಟ್ಟಪ್ಪಣೆ ಮಾಡಿದರು.

ರಜೆ ಮುಗಿಸಿ ಬಂದ ಮೇಡಂ ಎಲ್ಲರಿಗೂ ನಗುನಗುತ್ತಾ ನಮಸ್ಕಾರ ಹೇಳಿದರು. ಅವತ್ತು ಶಿಕ್ಷಕರ ಕೊಠಡಿಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಹೆಚ್ಚು ಕಂಗೆಟ್ಟವರು ಗಣಿತದ ಸುಗುಣ ಟೀಚರ್. ದಿನವೂ ಬೈಸಿಕೊಂಡು ನಿರಾಳವಾಗಿ ಮನೆಗೆ ಹೋಗುತ್ತಿದ್ದ ಅವರು, ಈಗ ಏನು ಕಾದಿದೆಯೋ ಎಂಬ ಚಿಂತೆಯಲ್ಲೇ ಸೊರಗಿದರು. ಆ ಗಾಬರಿಯಲ್ಲಿ ಒಂದು ದಿನ ಏಳನೇ ತರಗತಿಯ ಪ್ರಶ್ನೆಪತ್ರಿಕೆಯನ್ನು ಐದನೇ ತರಗತಿಗೆ ಹಂಚಿಬಿಟ್ಟರು. ಮೇಡಂ ಕೋಣೆಯಿಂದ ಕರೆ ಬಂತು.

"ಇರ್ಲಿ ಬಿಡಿ. ಮುಂದೆ ಏನಿದೆ ಅಂತ ಮಕ್ಕಳಿಗೂ ಗೊತ್ತಾಯ್ತಲ್ಲ," ಎಂದು ಮೇಡಂ ನಕ್ಕರು.

ಸುಗುಣ ಟೀಚರ್ ಅಲ್ಲೇ ಅತ್ತುಬಿಟ್ಟರು. "ಕೈ ಮುಗೀತೀನಿ ಮೇಡಂ, ಒಂದೇ ಒಂದ್ಸಲ ಬೈದುಬಿಡಿ. ನನ್ ಕೈಲಿ ತಡ್ಕೊಳ್ಳೋಕಾಗ್ತಿಲ್ಲ."

ಮೇಡಂ ನಗು ನಿಲ್ಲಿಸಿದರು. ಕಿಟಕಿಯಾಚೆ ಒಮ್ಮೆ ಇಣುಕಿ ನೋಡಿದರು.

"ನನ್ ಕೈಲೂ ಆಗ್ತಿಲ್ಲ ಕಣ್ರೀ. ಬಾಗಿಲು ಹಾಕಿ ಬನ್ನಿ."