ಮೊದಲ ಹಾರ

ಹಾರ ಹಾಕಿಸಿಕೊಳ್ಳಲು ಶಿವರಾಮ್ ತಲೆ ಬಗ್ಗಿಸಿದ್ದೇ ತಡ, ಅವನ ತಾಯಿ ಚೌಡಮ್ಮ ಅಡ್ಡ ಕೈ ಹಾಕಿದಳು. "ನಡೆದೋಳು ಕಲಾವತಿ. ಅರ್ಧ ದಾರೀಲಿ, ಗೊರಗುಂಟೆಪಾಳ್ಯದಲ್ಲೇ ಕಾರು ಹತ್ತಿದೋನು ನೀನು. ನಿಂಗ್ಯಾಕೋ ಹಾರ?"

ಬಡವರ ಡಯಾಲಿಸಿಸ್‌ಗೆ ನೆರವು ಕೂಡಿಸಲೆಂದು ನೆಂಟರು, ಗೆಳತಿಯರನ್ನೆಲ್ಲ ಹೊರಡಿಸಿಕೊಂಡು ಮಾಕಳಿಯಿಂದ ಇಲ್ಲಿಗೆ, ಅಟ್ಟೂರಿನವರೆಗೆ ನಡೆದವಳು ಕಿರಿಸೊಸೆ ಕಲಾವತಿ. ಹೋದ ವರ್ಷ ಕಿಡ್ನಿ ಕಾಯಿಲೆಗೆ ಗಂಡನನ್ನು ಕಳೆದುಕೊಂಡವಳು. ಈಗ ಬೊಬ್ಬೆ ಎದ್ದ ಕಾಲಲ್ಲಿ ಎಲ್ಲರ ಹಿಂದೆ ನಿಂತಿದ್ದಳು.

"ಗಂಡ ಇಲ್ದೋಳಿಗೆ ಮೊದಲ ಹಾರ ಹಾಕಿದ್ರೆ ಜನ ಏನಂತಾರಮ್ಮ?" ಶಿವರಾಮ್ ಪಿಸುಗುಟ್ಟಿದ.

ಚೌಡಮ್ಮ ಹಾರ ಕಿತ್ತುಕೊಂಡು ಹೋಗಿ, ಸೊಸೆಯ ಕೊರಳಿಗೆ ಹಾಕಿಯೇ ಮಗನತ್ತ ತಿರುಗಿದಳು. "ನಿಮ್ಮಪ್ಪ ಇಲ್ಲ ಅಂತ, ಇದೇ ಜನಕ್ಕೆ ಹೆದರಿ ನಿನ್ ಮದುವೇಲಿ ದೂರ ನಿಂತೆ. ಹೆತ್ತೋಳು ಕಣೋ ನಾನು, ನಿನ್ ತಲೆ ಮೇಲೆ ಒಂದು ಕಾಳು ಅಕ್ಷತೆ ಹಾಕ್ಲಿಲ್ಲ!"