ಸದ್ಯಕ್ಕ ಇರ್ಲಿ

“ಕೂಸಿನ ಮುಂದ ಅಳಬ್ಯಾಡ ನೋಡಮ್ಮ, ಅಂಜ್ತದ,” ಎಂದರು ಮುಕರ್ರಂ ವಕೀಲರು. ರಾಯಚೂರು ಕೋರ್ಟಿನ ವರಾಂಡದಲ್ಲಿ ನಿಂತಿದ್ದ ಶಶಿಕಲಾ ತಲೆಯಾಡಿಸಿದಳು. ಕಣ್ಣು ಮಾತ್ರ ಗೇಟಿನ ಕಡೆಗೇ ಇತ್ತು. ಗಂಡ ಸಂಜೀವ ದೇವದುರ್ಗದಿಂದ ಮಗಳನ್ನು ಕರೆತರಬೇಕಿತ್ತು. ತಾಯಿ ಮಗಳು ಒಂದು ತಾಸು ಕೂತು ಮಾತಾಡಲಿ ಎಂದು ಜಡ್ಜ್ ಆದೇಶ ಮಾಡಿದ್ದರು. ಮಾನ್ವಿಯಲ್ಲಿ ನರ್ಸಾಗಿ, ಕಂಡವರ ಮಕ್ಕಳಿಗೆಲ್ಲ ಲಸಿಕೆ ಹಾಕುವ ಶಶಿಕಲಾ ತನ್ನ ಕೂಸಿನ ಮುಖ ನೋಡಿ ವರ್ಷಗಳೇ ಆಗಿದ್ದವು.

“ಇವತ್ತ ಕೂಸಿನ್ನ ನಮ್ಮ ಕೂಡ ಕಳಸ್ತಾರಲ್ರೀ ಸಾಹೇಬ್ರ?” ತವರೂರು ಮಲ್ಲಟದಿಂದ ಜೊತೆಗೆ ಬಂದಿದ್ದ ಆಕೆಯ ಕಾಕಾ ತಾಯಣ್ಣ ಕೇಳಿದ.

“ಇಲ್ಲಪ್ಪ, ಇವತ್ತ ಬರೇ ಭೇಟಿ. ಐದು ತುಂಬದ ಕೂಸು ಸಾಮಾನ್ಯವಾಗಿ ತಾಯಿ ಹತ್ರಾನ ಇರಬೇಕಂತದ ಕಾನೂನು. ಈಗ ಆರು ದಾಟ್ಯಾದ. ಇನ್ನ ಕೂಸು ಎಲ್ಲಿ ಸುಖವಾಗಿರ್ತದ, ಯಾರನ್ನ ಹಚ್ಚಿಕೊಂಡದ, ಎಲ್ಲಾ ಅಳೆದು ತೂಗಿ ನೋಡ್ತಾರ. ಮೊದಲ ಯಾಕ ಬರಲಿಲ್ಲ ನೀವು?”

ತಾಯಣ್ಣ ಏನೆಂದು ಹೇಳಿಯಾನು? ಸಂಜೀವ ಶಶಿಕಲಾಳನ್ನು ಹೊಡೆದು ಹೊರಗೆ ಹಾಕಿದಾಗ ಅವನ ಮನೆಯಲ್ಲೇ ಎರಡೂ ಕಡೆಯ ಹಿರಿಯರನ್ನು ಕೂಡಿಸಿದವನೇ ಇವನು. ಅವತ್ತು ಶಶಿಕಲಾ ಎರಡು ವರ್ಷದ ಮಗಳನ್ನು ಎದೆಗವಚಿಕೊಂಡು ಕೂತಿದ್ದಳು. “ಕೂಸು ಸದ್ಯಕ್ಕ ಇಲ್ಲೇ ಇರ್ಲಿ ಬೇ. ಅದು ಅಳಾಕ ಹತ್ತಿತಂದ್ರ ಅವನ ಓಡಿ ಬರ್ತಾನ ನಿನ್ನ ಕರಿಯಾಕ,” ಎಂದು ಆಕೆಯ ಕೈ ಬಿಡಿಸಿ, ಕೂಸನ್ನು ಸಂಜೀವನ ಅಕ್ಕ ಸುಮಂಗಲಾಳ ಉಡಿಗೆ ಹಾಕಿದವನೂ ಇವನೇ. ಕೆಟ್ಟ ಮನುಷ್ಯನಲ್ಲ, ಪಾಪ. ಮುರಿದ ಮನೆ ಕೂಡಲಿ ಎಂದೇ ಮಾಡಿದ್ದು. ಕೂಸು ಅತ್ತಿತು. ಸಂಜೀವ ಬರಲಿಲ್ಲ. ನೋಡಲು ಹೋದರೆ, “ನೀ ಬಂದು ಹೋದ ಮ್ಯಾಲ ಭಾಳ ಹಟ ಮಾಡ್ತದ, ಸದ್ಯಕ್ಕ ಬರಬ್ಯಾಡ,” ಎಂದರು ಗಂಡನ ಮನೆಯವರು. ವಕೀಲರನ್ನು ಕೇಳೋಣ ಎಂದು ಶಶಿಕಲಾ ಅಂದಾಗಲೆಲ್ಲ ತಾಯಣ್ಣ, “ಕೋರ್ಟಿಗಿ ಹೋದ ಸಂಸಾರ ಕೂಡಿದ್ದು ನೋಡೀಯೇನ? ಸದ್ಯಕ್ಕ ತಡಿ,” ಎನ್ನುತ್ತಿದ್ದ. ಹಿರಿಯರ ಬಾಯಲ್ಲಿ ಈ ಹಾಳು ಸದ್ಯಕ್ಕ ಎಂಬುದಕ್ಕೆ ಎಷ್ಟು ಆಯುಷ್ಯವೋ ಯಾರಿಗೆ ಗೊತ್ತು!

“ಸದ್ಯಕ್ಕ ಇರ್ಲಿ ಅಂದ್ರು ಸಾಹೇಬ್ರ,” ಎಂದಳು ಶಶಿಕಲಾ.

“ಆ ಮಾತು ಬಂದ ದಿನಾನ ನನ್ನ ಹತ್ರ ಬರಬೇಕಿತ್ತಮ್ಮ,” ಎಂದರು ವಕೀಲರು, ತಾಯಣ್ಣನ ಮುಖ ನೋಡುತ್ತ.

ಅಷ್ಟರಲ್ಲಿ ಗೇಟಿನ ಮುಂದೆ ಆಟೊ ನಿಂತಿತು. ಮುಂದೆ ಸಂಜೀವ, ಹಿಂದೆ ಸುಮಂಗಲಾಳ ಕೈ ಹಿಡಿದ ಎರಡು ಜಡೆಯ ಹುಡುಗಿ. ಅಯ್ಯೋ, ಇಷ್ಟುದ್ದ ಬೆಳೆದುಬಿಟ್ಟಿದ್ದಾಳೆ! ಶಶಿಕಲಾ ಎರಡು ಹೆಜ್ಜೆ ಮುಂದೆ ಬಂದಳು.

ಒಂದು ಸಣ್ಣ ಕೋಣೆಯಲ್ಲಿ ತಾಯಿ ಮಗಳನ್ನಷ್ಟೇ ಬಿಟ್ಟರು. ಹುಡುಗಿ ಕುರ್ಚಿಯ ತುದಿಗೆ ಕೂತು ಕೈಕಟ್ಟಿಕೊಂಡಳು.

“ಮಿತ್ರಾ, ಏನರ ತಿಂದು ಬಂದೀ ಏನವ್ವ?”

“ಹೂಂ ರೀ.”

“ಏನ ತಿಂದಿ?”

“ಮಂಡಾಳ ಒಗ್ಗರಣಿ ರೀ.”

ಶಶಿಕಲಾ ತಡೆಯಲಾರದೆ ಆಕೆಯ ಕೆನ್ನೆ ಸವರಿದಳು. ಹುಡುಗಿ ಹಿಂದೆ ಸರಿಯಲಿಲ್ಲ. ಲಸಿಕೆ ಹಾಕಿಸಿಕೊಳ್ಳಲು ಬಂದ ಜಾಣ ಮಕ್ಕಳ ಹಾಗೆ ಉಸಿರು ಹಿಡಿದು ಕೂತಳು. ಈ ಕೂರುವ ರೀತಿ ಶಶಿಕಲಾಗೆ ಚೆನ್ನಾಗಿ ಗೊತ್ತಿತ್ತು.

“ನಾ ಯಾರಂತ ಗೊತ್ತದೇನ ನಿನಗ?”

“ಗೊತ್ತದ್ರಿ,” ಹುಡುಗಿ ಬಾಯಿಪಾಠದಂತೆ ಒಪ್ಪಿಸಿದಳು. “ನೀವು ನಮ್ಮವ್ವ ಅಂತ್ರಿ.”

ಆಮೇಲೆ ಶಶಿಕಲಾ ಸಾಲಿಯ ಬಗ್ಗೆ ಕೇಳಿದಳು, ಗೆಳತಿಯರ ಬಗ್ಗೆ ಕೇಳಿದಳು. ಕೇಳಿದ್ದಕ್ಕೆಲ್ಲ ಹುಡುಗಿ ಉತ್ತರ ಕೊಟ್ಟಳು. ತಾಸು ಮುಗಿದು ಬಾಗಿಲು ತೆರೆಯಿತು. “ಬರ್ತೀನ್ರಿ,” ಎಂದು ಕೈಮುಗಿದವಳೇ ಒಂದೇ ಓಟಕ್ಕೆ ವರಾಂಡಕ್ಕೆ ಹೋಗಿ ಸುಮಂಗಲಾಳ ಸೆರಗು ಜಗ್ಗಿದಳು. “ಯವ್ವಾ, ಎಲ್ಲಿ ಹೋಗಿದ್ದಿ ಬೇ ನೀ? ನೀರಡಿಸ್ಯಾವ, ಲಗೂನ ನೀರ ಕೊಡ ಬೇ!”

ತಾಯಣ್ಣ ಓಡಿಬಂದ. “ಏನಂತವ್ವ ಕೂಸು? ಮಾತಾಡ್ತೇನು ನಿನ್ನ ಕೂಡ?”

“ಮಾತಾಡ್ತು ಕಾಕಾ,” ಎಂದಳು ಶಶಿಕಲಾ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಭಾಳ ಮರ್ಯಾದಿ ಕೊಟ್ಟು ಮಾತಾಡ್ತು.”