ರಾಗಿ ಅಂಬಲಿಯ ಮಹಿಮೆ

ಮೂರು ವರ್ಷದ ಅನುಜಾ ಅಂಗನವಾಡಿಯ ತೂಕದ ಯಂತ್ರದ ಮೇಲೆ ನಿಂತಾಗ ಅವಳ ಅವ್ವ ಶೈಲಶ್ರೀ ಉಸಿರು ಬಿಗಿಹಿಡಿದಳು. ಈ ತಿಂಗಳೂ ತೂಕ ಏರದಿದ್ದರೆ ಪುಣೆಯ ದೊಡ್ಡಾಸ್ಪತ್ರೆಗೆ ಕಳಿಸುವುದಾಗಿ ಟೀಚರ್ ಮೊದಲೇ ಹೇಳಿದ್ದರು. ಪಕ್ಕದಲ್ಲಿ ಅತ್ತೆ ನಾಗವ್ವ ಶಿವನಾಮ ಜಪಿಸುತ್ತಿದ್ದಳು.

“ಮುಕ್ಕಾಲು ಕಿಲೋ ಏರಿದೆ,” ಎಂದರು ಟೀಚರ್ ಮರಾಠಿಯಲ್ಲಿ. “ಏನು ತಿನ್ನಿಸಿದ್ರಿ?”

“ಪಾಲಕ್ ಪಲ್ಯ, ಶೇಂಗಾ ಉಂಡಿ,” ಎಂದಳು ಶೈಲಶ್ರೀ.

“ಎಲ್ಲಾ ನನ್ನ ರಾಗಿ ಅಂಬಲಿ ಮಹಿಮಾ,” ಎಂದಳು ನಾಗವ್ವ, ತನ್ನ ಅರೆಬರೆ ಮರಾಠಿಯಲ್ಲಿ.

ಟೀಚರ್ ಇಬ್ಬರ ಮಾತನ್ನೂ ಬರೆದುಕೊಂಡರು. “ಇನ್ನು ದಿನಾ ಒಂದು ತತ್ತಿ ಕೊಡಿ.”

ಶೈಲಶ್ರೀ ನೆಲ ನೋಡಿದಳು. ನಾಗವ್ವ ಸೆರಗು ಸರಿಮಾಡಿಕೊಂಡಳು. “ನಮ್ಮ ಮನ್ಯಾಗ ಅದು ನಡಿಯಂಗಿಲ್ರಿ. ನನ್ನ ಮಗ ಶಿವಪ್ರಕಾಶ ತತ್ತಿ ಹೆಸರ ಕೇಳಿದ್ರ ತಾಟು ಬಿಟ್ಟು ಏಳ್ತಾನ. ಅಲ್ಲದ ಈ ಹುಡುಗಿ ಹಳದಿ ಭಾಗ ಬಾಯಾಗ ಇಟ್ಟ ಕೂಡಲೆ ಉಗುಳ್ತಾಳ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು?

“ಅದು ನಿಮಗ ಹ್ಯಾಂಗ ಗೊತ್ತಾತ್ರಿ, ಅತ್ತಿ?”

ಉತ್ತರ ಕೊಟ್ಟವಳು ಅನುಜಾ. “ಅಜ್ಜಿ ಉಪ್ಪು ಹಚ್ಚಿ ಕೊಡ್ತಾಳ. ಅವ್ವ ಹಚ್ಚಂಗಿಲ್ಲ.”

ಕಳ್ಳರಿಬ್ಬರೂ ಒಟ್ಟಿಗೇ ಸಿಕ್ಕಿಬಿದ್ದರು. ಅತ್ತೆ ಪೂಜೆಗೆ ಕೂತಾಗ, ಬೆಳಗಿನ ಹನ್ನೊಂದಕ್ಕೆ, ತತ್ತಿ ತಿನ್ನಿಸಲು ಮಗಳನ್ನೆತ್ತಿಕೊಂಡು ಪಕ್ಕದ ಮನೆಯ ಶೀತಲ್ ಬಳಿ ಓಡುತ್ತಿದ್ದವಳು ಶೈಲಶ್ರೀ. ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತಾಗ, ಸಂಜೆ ನಾಲ್ಕಕ್ಕೆ, ಅದೇ ಬಾಗಿಲು ತಟ್ಟುತ್ತಿದ್ದವಳು ನಾಗವ್ವ. ಯಾರಿಗೂ ಹೇಳುವುದಿಲ್ಲವೆಂದು ಶೀತಲ್ ಇಬ್ಬರಿಗೂ ಆಣೆ ಮಾಡಿ, ಎರಡೂ ಆಣೆ ಉಳಿಸಿಕೊಂಡಿದ್ದಳು. ಕೂಸು ರಾತ್ರಿ ರೊಟ್ಟಿ ಮುಟ್ಟುವುದಿಲ್ಲವಲ್ಲ ಎಂದು ಅತ್ತೆ ಸೊಸೆ ಇಬ್ಬರೂ ತಿಂಗಳಿಡೀ ಕೊರಗಿದ್ದೇ ಬಂತು.

ಮೂವರೂ ಓಣಿಯ ತಿರುವಿಗೆ ಬಂದರು. ನಾಗವ್ವನೇ ಮೊದಲು ಬಾಯಿಬಿಟ್ಟಳು. “ದಿನಕ್ಕ ಎರಡು ಭಾಳಾತು. ನಾಳಿಂದ ಒಂದ ಸಾಕಂತ ಶೀತಲ್‌ಗ ಹೇಳು. ಉಪ್ಪು ನಾ ಹಚ್ತೀನಿ.”

ಶೈಲಶ್ರೀಗೆ ನಗುವೂ ಬಂತು, ಕಣ್ಣೂ ತುಂಬಿತು. “ಹೂಂನ್ರಿ, ಅತ್ತಿ.”

“ಶಿವಪ್ರಕಾಶಗ ಮಾತ್ರ ಗೊತ್ತಾಗಬಾರದು. ಮನೀ ಬಿಟ್ಟು ಹೋಗ್ತಾನ ಅಂವ.”

ಅಜ್ಜಿಯ ಬೆರಳು ಹಿಡಿದು ನಡೆಯುತ್ತಿದ್ದ ಅನುಜಾ ತಲೆಯೆತ್ತಿದಳು. “ಐತವಾರ ಗಾಡಿ ಮ್ಯಾಲೆ ಕರ್ಕೊಂಡು ಹೋಗಿ ತತ್ತಿ ಕೊಡಿಸಿದಾಗ ಹಳದಿ ಎಲ್ಲಾ ಅಪ್ಪನ ತಿಂತಾನ.”